ಬೋಣಿ ಗಿರಾಕಿ

ಹರಿಹರದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿರುವ ರುದ್ರಮುನಿಗೆ ದೇವರ ಮೇಲೆ ಎಷ್ಟು ನಂಬಿಕೆಯೋ ಬೋಣಿಯ ಮೇಲೆ ಅದಕ್ಕಿಂತ ಒಂದು ಗುಲಗಂಜಿ ತೂಕ ಜಾಸ್ತಿ. ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಒಳಗೆ ಕಾಲಿಟ್ಟ ಮೊದಲ ಗಿರಾಕಿ ಬರಿಗೈಲಿ ಮೆಟ್ಟಿಲು ಇಳಿದರೆ ಮುಗಿಯಿತು, ಆವತ್ತಿನ ದಿನ ಕೆಟ್ಟಂಗೆ. ಅದಕ್ಕೇ ಅವನು ಲಾಭ ಬಿಟ್ಟಾದರೂ ಸರಿ, ಅಸಲಿಗೇ ಆದರೂ ಸರಿ, ಕೊನೆಗೆ ಒಂದು ಕರ್ಚೀಫನ್ನಾದರೂ ಕೈಗೆ ತುರುಕಿ ಕಳಿಸುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಒಬ್ಬೇ ಒಬ್ಬ ಬೋಣಿ ಗಿರಾಕಿಯನ್ನೂ ವಾಪಸು ಕಳಿಸಿಲ್ಲ ಅನ್ನುವುದು ಅವನ ದೊಡ್ಡ ಜಂಬ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಹಿಂಗೆ ಹೇಳಿಕೊಂಡು ತಿರುಗಿದರೆ ಗುಟ್ಟು ಎಲ್ಲಿ ಉಳಿದೀತು? ಭಾನುವಳ್ಳಿಯ ಗಿರಿಯಮ್ಮನಿಗೆ ಅದು ಹೆಂಗೋ ಗೊತ್ತಾಗಿಬಿಟ್ಟಿತ್ತು. ಗದ್ದೆ ಕೆಲಸ ಮಾಡಿ ಗಟ್ಟಿಯಾದ ಹೆಂಗಸು, ಮಾತಿನಲ್ಲಿ ಇನ್ನೂ ಗಟ್ಟಿ. ಬಟ್ಟೆ ಕೊಳ್ಳುವುದಿದ್ದ ದಿನ ಊರಿಂದ ಮೊದಲ ಬಸ್ಸು ಹತ್ತಿ ಬಂದು, ಶಟರ್ ಏಳುವ ಮುಂಚೆಯೇ ಮೆಟ್ಟಿಲ ಮೇಲೆ ಎಲೆಯಡಿಕೆ ಮೆಲ್ಲುತ್ತ ಕೂತಿರುತ್ತಿದ್ದಳು. "ಬೋಣಿ ಟೈಮಿಗೆ ಬಂದೀನ್ರಿ ಸಾವ್ಕಾರ್ರೆ, ನೋಡಿ ಹೇಳ್ರಿ ರೇಟು" ಅಂದಳೆಂದರೆ ರುದ್ರಮುನಿಗೆ ಸಂಕಟ ಶುರು. ಅಂಗಡಿಯ ಹಳೆಯ ಸೇಲ್ಸ್‌ಮನ್ ಶಬ್ಬೀರ್ ರ‍್ಯಾಕಿನ ಕಡೆ ಮುಖ ತಿರುಗಿಸಿ ನಗುತ್ತಿದ್ದ.

ಈ ಬೋಣಿಯ ಹುಚ್ಚು ಅಂಗಡಿಯಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದು ಸಂಜೆ ಸ್ಕೂಟರ್ ಏರಿ ದಾವಣಗೆರೆಗೆ, ದೇವರಾಜ ಅರಸು ಬಡಾವಣೆಯ ಅವನ ಮನೆಗೂ ಬಂತು ನೋಡಿ, ಅಲ್ಲಿ ಎಡವಟ್ಟಾಯಿತು.

ರುದ್ರಮುನಿಗೆ ಒಬ್ಬಳೇ ಮಗಳು, ರಶ್ಮಿತಾ. ವಿದ್ಯಾನಗರದ ಕಾಲೇಜಿನಲ್ಲಿ ಸೆಕೆಂಡ್ ಪಿಯು, ಕಾಮರ್ಸು. ಸಣ್ಣವಳಿದ್ದಾಗ ಅಂಗಡಿಯ ಗಾದಿಯ ಮೇಲೆ, ಬಿಚ್ಚಿ ಹರಡಿದ ಸೀರೆಗಳ ನಡುವೆಯೇ ನಿದ್ದೆ ಹೋದ ಹುಡುಗಿ. ಜನ ಯಾಕೆ ಒಂದು ಬೆಲೆಗೆ ಬೇಡ ಅಂದು ಇನ್ನೊಂದು ಬೆಲೆಗೆ ಹೂಂ ಅಂತಾರೆ ಅನ್ನುವುದು ಆಗಿನಿಂದಲೂ ಅವಳ ತಲೆಯಲ್ಲಿ ಕೊರೆಯುತ್ತಿದ್ದ ವಿಷಯ. ಅರ್ಥಶಾಸ್ತ್ರ ಓದಬೇಕು, ಅದೂ ಪುಣೆ ಕಡೆಯ ಪಶ್ಚಿಮಗಿರಿ ಯೂನಿವರ್ಸಿಟಿಯಲ್ಲೇ ಓದಬೇಕು ಅಂತ ಪಟ್ಟು ಹಿಡಿದಿದ್ದಳು. ಇಡೀ ದೇಶದಿಂದ ಸಾವಿರಗಟ್ಟಲೆ ಮಕ್ಕಳು ಅರ್ಜಿ ಹಾಕಿದರೆ ಅರವತ್ತು ಜನರನ್ನು ಆರಿಸಿಕೊಳ್ಳುವ ಜಾಗ ಅದು.

"ಅಪ್ಪಾಜಿ, ಅಲ್ಲಿ ಅರ್ಲಿ ರೌಂಡ್ ಅಂತ ಐತೆ," ಅಂತ ಅಕ್ಟೋಬರಿನಲ್ಲಿ ಒಂದು ದಿನ ಊಟದ ಹೊತ್ತಿಗೆ ವಿವರಿಸಿದಳು. "ಎಲ್ಲರಿಗಿಂತ ಮೊದಲು, ನವೆಂಬರಲ್ಲೇ ಅರ್ಜಿ ಹಾಕೋದು. ಸೀಟು ಕೊಟ್ರೆ ನಿಮ್ಮಲ್ಲಿಗೇ ಬರ್ತೀನಿ ಅಂತ ಮುಂಚೆನೇ ಮಾತು ಕೊಡಬೇಕು. ಡಿಸೆಂಬರಲ್ಲಿ ಉತ್ತರ ಹೇಳ್ತಾರೆ."

ರುದ್ರಮುನಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಮುಖ ಅರಳಿತು. "ಅಂದ್ರೆ ನೀನು ಬೋಣಿ ಗಿರಾಕಿ!"

"ಬೋಣಿನಾ?"

"ಮತ್ತೇನು? ಅವರು ಶಟರ್ ಎತ್ತೋ ಹೊತ್ತಿಗೆ ನೀನು ಮೆಟ್ಟಿಲ ಮೇಲೆ ಕೂತಿರ್ತಿ. ಮೇಲಾಗಿ ಕೊಟ್ರೆ ತಗೊಂಡೇ ತಗೋತೀನಿ ಅಂತ ಮಾತು ಬೇರೆ ಕೊಟ್ಟಿರ್ತಿ. ಯಾವ ಸಾವ್ಕಾರ ಇಂಥ ಗಿರಾಕಿನ ಬರಿಗೈಲಿ ಕಳಿಸ್ತಾನೆ? ಸೀಟು ಬಂತು ಅಂತ್ಲೇ ತಿಳಕೋ."

ಹೈಸ್ಕೂಲಿನಲ್ಲಿ ಟೀಚರಾಗಿದ್ದ ಹೆಂಡತಿ ಸುಧಾ ತಟ್ಟೆಗೆ ಪಲ್ಯ ಬಡಿಸುತ್ತ, "ರೀ, ಅದು ಕಾಲೇಜು, ಸೀರೆ ಅಂಗಡಿ ಅಲ್ಲ. ಇನ್ನೆರಡು ಕಡೆಗೂ ಅರ್ಜಿ ತಯಾರು ಮಾಡಿಟ್ಕೊಳ್ಳಲಿ," ಅಂದಳು.

"ಬ್ಯಾಡ. ಬೋಣಿ ಮಾಡಾಕೆ ಬಂದೋಳು ನಾಲ್ಕು ಅಂಗಡಿ ಇಣುಕಿದ್ರೆ ಮರ್ಯಾದೆ ಇರ್ತತಾ? ಒಂದು ಕಡೆ ಮನಸ್ಸಿಟ್ಟು ನಿಲ್ಲು ಮಗಳೇ. ನಾನು ಹೇಳ್ತೀನಲ್ಲ."

ಜಾಣ ಹುಡುಗಿ ಇಂಥ ಮಾತನ್ನು ಯಾಕೆ ನಂಬಿದಳು ಅಂತ ನೀವು ಕೇಳಬಹುದು. ಅಪ್ಪ ಅವಳಿಗೆ ಒಂದು ದಿನವೂ ಸುಳ್ಳು ಹೇಳಿದವನಲ್ಲ, ಅದೊಂದು. ಮೇಲೆ ಪಿಯು ಪರೀಕ್ಷೆಯ ಓದು ತಲೆ ಮೇಲೆ ಕೂತಿತ್ತು, ಇನ್ನೆರಡು ಅರ್ಜಿಗೆ ಪುಟಗಟ್ಟಲೆ ಬರೆಯುವುದು ತಪ್ಪಿದರೆ ಸಾಕಾಗಿತ್ತು. ನಂಬಿದರೆ ಹಾಯಾಗಿರುವಂಥ ಮಾತನ್ನು ಯಾರು ತಾನೇ ಬಿಡುತ್ತಾರೆ? ಪಶ್ಚಿಮಗಿರಿಗೆ ಕಳಿಸುವ ಪ್ರಬಂಧವನ್ನೂ ಬೋಣಿಯ ಮೇಲೆಯೇ ಬರೆದಳು. ಗಿರಿಯಮ್ಮ, ಅವಳ ಎಲೆಯಡಿಕೆ, ಅಪ್ಪನ ಸಂಕಟ ಎಲ್ಲ ಅದರಲ್ಲಿತ್ತು.

ನವೆಂಬರಿನಲ್ಲಿ ಅರ್ಜಿ ಹೋಯಿತು. ಡಿಸೆಂಬರ್ ಮೊದಲ ವಾರ ಕಂಪ್ಯೂಟರಿನಲ್ಲೇ ಸಂದರ್ಶನ ಆಯಿತು. ಮುಗಿಸಿ ಕೋಣೆಯಿಂದ ಹೊರಬಂದ ರಶ್ಮಿತಾ ಸ್ವಲ್ಪ ಪೆಚ್ಚಾಗಿದ್ದಳು.

"ಎಲ್ಲ ಚೆನ್ನಾಗಾಯ್ತು ಅಪ್ಪಾಜಿ. ಒಂದು ಪ್ರಶ್ನೆಗೆ ಮಾತ್ರ ತಡಬಡಾಯಿಸಿದೆ. ನಿಮ್ಮ ಅಂಗಡೀಲಿ ಒಂದೇ ಸೀರೆ ಐತೆ, ಶಟರ್ ಎತ್ತಿದಾಗ ನೂರು ಜನ ಬೋಣಿ ಗಿರಾಕಿಗಳು ನಿಂತಿದ್ದಾರೆ, ಏನು ಮಾಡ್ತೀರಿ ಅಂದ್ರು."

"ಗೋಡೌನಿಂದ ಇನ್ನೂ ತರಿಸ್ತೀನಿ ಅನ್ನಬೇಕಿತ್ತು!" ಅಂದ ರುದ್ರಮುನಿ. ಅವನಿಗೆ ಅದು ಚಿಂತೆಯ ಪ್ರಶ್ನೆ ಅಂತ ಅನ್ನಿಸಲೇ ಇಲ್ಲ. ಮರುದಿನವೇ ಅಂಗಡಿ ಸಾಲಿನವರಿಗೆಲ್ಲ ಮಗಳು ಪುಣೆಗೆ ಹೋಗುವ ಸುದ್ದಿ ಹೇಳಿ, ಶನಿವಾರ ಸಂಜೆಗೆ ಎಲ್ಲರಿಗೂ ಮಿರ್ಚಿ ಮಂಡಕ್ಕಿ ಅಂತ ಹೇಳಿಯೂ ಇಟ್ಟ.

ಆ ಶನಿವಾರ ಐದು ಗಂಟೆಗೆ ಉತ್ತರ ಬರುವುದಿತ್ತು. ರುದ್ರಮುನಿ ಅಂಗಡಿಯನ್ನು ಶಬ್ಬೀರನಿಗೆ ಒಪ್ಪಿಸಿ ಮಧ್ಯಾಹ್ನವೇ ಮನೆಗೆ ಬಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತ. ಅವನ ತಾಯಿ ಬಸವಣ್ಣೆಮ್ಮ, ಎಂಬತ್ತರ ಮುದುಕಿ, ವಿಭೂತಿ ಹಚ್ಚಿಕೊಂಡು ಕನ್ನಡಕ ಒರೆಸಿಕೊಂಡು ಕೂತಳು. ಐದಕ್ಕೆ ಸರಿಯಾಗಿ ಮೇಲ್ ಬಂತು. ರಶ್ಮಿತಾ ಒಂದು ಸಲ ಓದಿದಳು, ಇನ್ನೊಂದು ಸಲ ಓದಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಹೂಂ ಅಂತಾನೂ ಇಲ್ಲ, ಇಲ್ಲ ಅಂತಾನೂ ಇಲ್ಲ. ನಿನ್ನ ಅರ್ಜಿನ ಮುಂದಿನ ರೌಂಡಿಗೆ ಇಟ್ಕೊಂಡಿದೀವಿ, ಎಲ್ಲರ ಜೊತೆ ಇನ್ನೊಂದು ಸಲ ನೋಡ್ತೀವಿ, ಏಪ್ರಿಲಲ್ಲಿ ಹೇಳ್ತೀವಿ ಅಂತ."

"ಎತ್ತಿಟ್ಟಿದಾರೆ ಅಂತ ಅಷ್ಟೇ ತಾನೇ?" ರುದ್ರಮುನಿ ಜೋರಾಗಿ ಉಸಿರು ಬಿಟ್ಟ. "ಇದಕ್ಯಾಕ ಮುಖ ಸಣ್ಣ ಮಾಡ್ತಿ?" ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಮಿರ್ಚಿ ಹಾಕಿಸಲೋ ಬೇಡವೋ ಅಂತ ಶಬ್ಬೀರ್. ರುದ್ರಮುನಿ ಫೋನನ್ನು ಸ್ಪೀಕರಿಗೆ ಹಾಕಿ ಗತ್ತಿನಿಂದ ಹೇಳಿದ, "ಎತ್ತಿಟ್ಟಿದಾರಂತೆ ಶಬ್ಬೀರ್, ಏಪ್ರಿಲಿಗೆ ಕರೀತಾರೆ."

ಶಬ್ಬೀರ್ ಪಾಪ, ಸತ್ಯವನ್ನೇ ಹೇಳಿದ. "ಸಾವ್ಕಾರ್ರೆ, ನಮ್ಮ ಅಂಗ್ಡ್ಯಾಗೆ ಈ ಸೀರೆ ಎತ್ತಿಡ್ರಿ ಬರ್ತೀವಿ ಅಂತ ಹೋದೋರು ಎಷ್ಟು ಮಂದಿ ತಿರುಗಿ ಬಂದಾರೆ?"

ರುದ್ರಮುನಿ ಫೋನು ಇಟ್ಟ. ಇಪ್ಪತ್ತಾರು ವರ್ಷದ ಗಿರಾಕಿಗಳನ್ನೆಲ್ಲ ನೆನೆಸಿಕೊಂಡರೂ ಒಂದು ಕೈಯ ಬೆರಳಷ್ಟೂ ಆಗಲಿಲ್ಲ. ಸಿಟ್ಟು ನೆತ್ತಿಗೇರಿತು. "ಬೋಣಿ ಗಿರಾಕಿನ ಹಿಂಗೆ ಕಳಿಸೋದಾ? ಇವರೆಂಥ ವ್ಯಾಪಾರಸ್ಥರು!"

"ಸುಮ್ಕಿರಪ್ಪ ಸಾಕು," ಅಂದಳು ಬಸವಣ್ಣೆಮ್ಮ. "ನಿಮ್ಮಪ್ಪ ಗಲ್ಲಾಪೆಟ್ಟಿಗೆ ಮುಂದೆ ಕೂತಾಗ ಎಷ್ಟು ಬೋಣಿ ಗಿರಾಕಿಗಳ್ನ ಗದರಿಸಿ ಕಳಿಸಿಲ್ಲ? ಬೋಣಿ ಅನ್ನೋದು ನಿನ್ನ ಹೆದರಿಕೆ ಕಣೋ, ಬಂದೋರ ಹಕ್ಕಲ್ಲ. ಆ ಯೂನಿವರ್ಸಿಟಿಯೋರು ನಿನ್ನಂಗೆ ಹೆದರ್ತಾರೆ ಅಂತ ಯಾರು ಹೇಳಿದ್ರು ನಿನಗೆ?"

ಯಾರೂ ಹೇಳಿರಲಿಲ್ಲ. ಅವನೇ ಹೇಳಿದ್ದು, ಮಗಳಿಗೆ.

"ಬೇರೆ ಎರಡು ಕಡೆ ಬುಧವಾರ ಕೊನೇ ದಿನ," ಅಂದಳು ರಶ್ಮಿತಾ. ಬೈಯಲಿಲ್ಲ, ಅಳಲಿಲ್ಲ. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಒಂದು ಮಾತು ಬೈದಿದ್ದರೆ ರುದ್ರಮುನಿಗೆ ಎಷ್ಟೋ ಹಗುರಾಗುತ್ತಿತ್ತು. ತನ್ನ ಮಾತು ಕೇಳಿ ಮಗಳು ಕೆಟ್ಟಳು, ಒಂದು ವರ್ಷ ಕೈಬಿಟ್ಟು ಹೋಗುತ್ತದೇನೋ ಅನ್ನುವುದು ಅವನ ಎದೆಯಲ್ಲಿ ಕಲ್ಲಿನಂತೆ ಕೂತಿತು. ಆ ದಿನ ಸುಧಾ ಬಡಿಸಿದ್ದನ್ನು ಅವನು ಹಾಗೇ ಬಿಟ್ಟೆದ್ದ.

ಭಾನುವಾರವೆಲ್ಲ ಲ್ಯಾಪ್‌ಟಾಪು ಮುಚ್ಚಿಯೇ ಇತ್ತು. ಸುಧಾ ಬುದ್ಧಿ ಹೇಳಿದಳು, ಅಜ್ಜಿ ಮುದ್ದು ಮಾಡಿದಳು. "ಅಲ್ಲೇ ಆಗಲಿಲ್ಲ ಅಂದ ಮೇಲೆ ಬೇರೆ ಕಡೆಗೆ ಏನಂತ ಬರೀಲಿ? ನನಗೆ ಬೇಕಾಗಿದ್ದೇ ಅದು," ಅಂತ ಒಂದೇ ಮಾತು ಅವಳದು. ಸೋಮವಾರ ಬೆಳಿಗ್ಗೆ, "ಸ್ಟಾಕು ನೋಡೋದೈತೆ, ಅಂಗಡಿಗೆ ಬಾರವ್ವ," ಅಂತ ರುದ್ರಮುನಿ ಸುಳ್ಳೇ ಒಂದು ನೆವ ಮಾಡಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಹರಿಹರಕ್ಕೆ ಹೊರಟ. ರಶ್ಮಿತಾಳ ಬ್ಯಾಗಿಗೆ ಲ್ಯಾಪ್‌ಟಾಪನ್ನು ಹಾಕಿದ್ದು ಅವಳ ಅಮ್ಮ.

ಅಂಗಡಿಯ ಮೆಟ್ಟಿಲ ಮೇಲೆ ಎಲೆಯಡಿಕೆ ಮೆಲ್ಲುತ್ತ ಕೂತಿದ್ದವಳು ಯಾರು ಅಂತೀರಿ? ಗಿರಿಯಮ್ಮನೇ.

"ಬರ್ರಿ ಗಿರಿಯಮ್ಮ," ಅಂದ ರುದ್ರಮುನಿ. ಇವತ್ತೇ ಬರಬೇಕಾ ಈಕೆ ಅಂತ ಒಳಗೇ ಅಂದುಕೊಂಡ.

"ಮಗಳಿಗೆ ಏಳು ತಿಂಗಳು ತುಂಬೇತ್ರಿ. ಶುಕ್ರವಾರ ಕುಬಸ, ಉಡಿ ತುಂಬಬೇಕು. ಗಿಣಿಹಸಿರು ಸೀರೆ ಬೇಕು, ಅರಿಶಿನ ಬಣ್ಣದ ಅಂಚು ಇರಬೇಕು. ಬಸುರಿ ಆಸೆ ಪಟ್ಟು ಕೇಳ್ಯಾಳೆ, ಬ್ಯಾರೆ ಬಣ್ಣ ಬ್ಯಾಡ. ಬೋಣಿ ಟೈಮು, ನೋಡಿ ಹೇಳ್ರಿ."

ಶಬ್ಬೀರ್ ರ‍್ಯಾಕಿನಿಂದ ಹಸಿರೆಲ್ಲ ಇಳಿಸಿದ. ಪಾಚಿಹಸಿರು ಬಂತು, ಕಡುಹಸಿರು ಬಂತು, ಕೆಂಪು ಅಂಚಿನ ಹಸಿರು ಬಂತು. ಗಿಣಿಹಸಿರಿಗೆ ಅರಿಶಿನ ಅಂಚು ಮಾತ್ರ ಬರಲಿಲ್ಲ. ಗಿರಿಯಮ್ಮ ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಿ ಆಚೆ ಸರಿಸಿದಳು. ರುದ್ರಮುನಿಯ ಹಣೆಯಲ್ಲಿ ಬೆವರು. ಇಪ್ಪತ್ತಾರು ವರ್ಷದ ಜಂಬ ಮೆಟ್ಟಿಲು ಇಳಿದು ಹೋಗುವುದರಲ್ಲಿತ್ತು.

"ಈ ಕೆಂಪು ಅಂಚಿಂದು ಅಸಲಿಗೇ ಕೊಡ್ತೀನಿ ಗಿರಿಯಮ್ಮ. ಅದೂ ಬ್ಯಾಡ, ಅಸಲಿಗಿಂತ ಕಮ್ಮಿನೇ ಕೊಡ್ರಿ."

"ಬ್ಯಾಡ್ರಿ."

"ಹೋಗ್ಲಿ, ಒಂದು ಟವೆಲ್ಲಾದ್ರೂ ತಗೊಳ್ರಿ. ಬರಿಗೈಲಿ ಹೋಗಬ್ಯಾಡ್ರಿ."

"ಟವೆಲ್ ಉಡಿಸಿ ಕುಬಸ ಮಾಡ್ಲೇನ್ರಿ ಮಗಳಿಗೆ?"

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ರಶ್ಮಿತಾ ಕಿಸಕ್ಕನೆ ನಕ್ಕಳು. ಎರಡು ದಿನದಲ್ಲಿ ಅದೇ ಮೊದಲ ನಗು. ಗಿರಿಯಮ್ಮ ಅವಳ ಕಡೆ ತಿರುಗಿ, "ನೋಡು ತಾಯಿ ನಿಮ್ಮಪ್ಪನ್ನ," ಅಂದು ಸೆರಗು ಕೊಡವಿಕೊಂಡು ಎದ್ದಳು. "ಇಲ್ಲದಿದ್ರೆ ಇಲ್ಲ ಅನ್ರಿ ಸಾವ್ಕಾರ್ರೆ, ನಾನೇನು ಅತ್ತುಬಿಡ್ತೀನಾ? ನನಗೆ ಬೇಕಾಗಿರೋದು ಸೀರೆ. ನಿಮ್ಮ ಅಂಗಡಿ ಹೊತ್ಕೊಂಡು ಹೋಗಿ ಏನು ಮಾಡ್ಲಿ? ಮುಂದಿನ ಅಂಗಡಿ ನೋಡ್ತೀನಿ ತಗಳ್ರಿ."

ರುದ್ರಮುನಿ ಹಾಗೇ ನಿಂತುಬಿಟ್ಟ. ಮಗಳನ್ನು ನೋಡಿದ. ಮಗಳೂ ಅವನನ್ನೇ ನೋಡುತ್ತಿದ್ದಳು, ನಗು ಇನ್ನೂ ತುಟಿ ಮೇಲೇ ಇತ್ತು.

ಗಿಣಿಹಸಿರಿಗೆ ಅರಿಶಿನ ಅಂಚು ಎಲ್ಲಿತ್ತು ಅನ್ನುವುದು ರುದ್ರಮುನಿಗೆ ಮೊದಲಿಂದಲೂ ಗೊತ್ತು. ರಸ್ತೆ ದಾಟಿದರೆ ಮಾಲತೇಶಪ್ಪನ ಅಂಗಡಿ, ಅದರ ಗಾಜಿನೊಳಗೆ ಬೊಂಬೆಗೆ ಉಡಿಸಿದ್ದರು. ಹದಿನೈದು ದಿನದಿಂದ ಅದನ್ನು ನೋಡಿ ಹೊಟ್ಟೆ ಉರಿಸಿಕೊಂಡಿದ್ದ. ಇಬ್ಬರೂ ದಿನಾ ಒಟ್ಟಿಗೆ ಚಾ ಕುಡಿಯುವವರೇ, ಆದರೆ ಒಬ್ಬರ ಗಿರಾಕಿಯನ್ನು ಇನ್ನೊಬ್ಬರಿಗೆ ತೋರಿಸಿದ ಉದಾಹರಣೆ ಈ ಪೇಟೆಯಲ್ಲೇ ಇರಲಿಲ್ಲ.

"ನಿಲ್ರಿ ಗಿರಿಯಮ್ಮ," ಅಂದು ರುದ್ರಮುನಿ ಚಪ್ಪಲಿ ಮೆಟ್ಟಿದ. "ನೀವು ಹುಡುಕೋದು ಬ್ಯಾಡ. ನಾನೇ ಕರ್ಕೊಂಡು ಹೋಗ್ತೀನಿ ಬರ್ರಿ."

ಶಬ್ಬೀರನ ಕೈಯಲ್ಲಿದ್ದ ಸೀರೆ ಜಾರಿ ಬಿತ್ತು. ತನ್ನ ಬೋಣಿ ಗಿರಾಕಿಯನ್ನು ತಾನೇ ಮುಂದೆ ನಿಂತು ರಸ್ತೆ ದಾಟಿಸಿದ ರುದ್ರಮುನಿಯನ್ನು ಕಂಡು ಮಾಲತೇಶಪ್ಪ ಗಾದಿಯಿಂದ ಎದ್ದೇ ನಿಂತ. "ಏನ್ರಿ ಇದು, ಹುಷಾರಿದೀರಾ?" ಅಂದ. "ಬೊಂಬೆ ಮೈಮೇಲಿನ ಸೀರೆ ಬಿಚ್ಚಿಸ್ರಿ ಮಾಲತೇಶಪ್ಪ, ಬಸುರಿ ಕಾಯ್ತಾ ಅದಾಳೆ. ರೇಟು ನೋಡಿ ಹಾಕ್ರಿ, ಬೋಣಿ ಐತೆ," ಅಂದ ರುದ್ರಮುನಿ.

ಅವನು ವಾಪಸು ಬರುವಷ್ಟರಲ್ಲಿ ರಶ್ಮಿತಾ ಕೌಂಟರಿನ ಮೇಲೆ ಹರಡಿದ್ದ ಹಸಿರು ಸೀರೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪು ಬಿಚ್ಚಿಕೊಂಡಿದ್ದಳು.

"ರಶ್ಮಿ," ಅಂದ ರುದ್ರಮುನಿ. "ನಾನು ಹಂಗೆ ಹೇಳಬಾರದಿತ್ತು ಕಣೇ. ತಪ್ಪಾತು."

"ಅಪ್ಪಾಜಿ, ಆಮೇಲೆ ಅಳೋಣ. ಬುಧವಾರ ಕೊನೇ ದಿನ. ಈಗ ಚಾರ್ಜರ್ ಹಾಕೋಕೆ ಜಾಗ ತೋರ್ಸಿ."

ಆ ಮೂರು ದಿನ ರುದ್ರಮುನಿಯ ಜವಳಿ ಅಂಗಡಿ ಅರ್ಧ ಅಂಗಡಿ, ಅರ್ಧ ಕಚೇರಿ. ಬಂದ ಗಿರಾಕಿಗಳಿಗೆ ಶಬ್ಬೀರ್ ಪಿಸುಮಾತಿನಲ್ಲಿ ಸೀರೆ ಮಾರಿದ. ವಿದ್ಯಾನಗರದ ಕಾಲೇಜಿನಿಂದ ಮೇಷ್ಟ್ರ ಶಿಫಾರಸು ಪತ್ರ ತರಲಿಕ್ಕೆ ರುದ್ರಮುನಿಯೇ ಸ್ಕೂಟರಿನಲ್ಲಿ ಓಡಿದ. ಬುಧವಾರ ಸಂಜೆಯ ಹೊತ್ತಿಗೆ ಹೈದರಾಬಾದಿನ ಒಂದು ಯೂನಿವರ್ಸಿಟಿಗೆ, ಚೆನ್ನೈ ಕಡೆಯ ಇನ್ನೊಂದಕ್ಕೆ ಅರ್ಜಿ ಹೋಯಿತು. ಇಷ್ಟಾಗಿ, ಬೋಣಿ ಕಳಕೊಂಡ ಆ ಸೋಮವಾರ ವ್ಯಾಪಾರ ಹೆಂಗಾಗಿತ್ತು ಅಂತ ನೋಡುವುದನ್ನೇ ಅವನು ಮರೆತುಬಿಟ್ಟಿದ್ದ.

ಜನವರಿಯಲ್ಲಿ ಹೈದರಾಬಾದಿನವರು ಸಂದರ್ಶನಕ್ಕೆ ಕರೆದರು, ಮತ್ತೆ ಕಂಪ್ಯೂಟರಿನಲ್ಲೇ. ಮನೆಯಲ್ಲಿ ಕುಕ್ಕರ್ ಕೂಗಬಾರದು ಅಂತ ಅಪ್ಪಣೆಯಾಯಿತು. ರುದ್ರಮುನಿ ಕೋಣೆಯ ಬಾಗಿಲ ಹೊರಗೆ ನೆಲದ ಮೇಲೆ ಕೂತ. ಬಸವಣ್ಣೆಮ್ಮ ಕುರ್ಚಿ ಎಳೆಸಿಕೊಂಡು ಪಕ್ಕದಲ್ಲೇ ಕೂತು, ಒಳಗಿನ ಇಂಗ್ಲಿಷು ಒಂದು ಅಕ್ಷರ ತಿಳಿಯದಿದ್ದರೂ ತಲೆ ಆಡಿಸುತ್ತಿದ್ದಳು. ರುದ್ರಮುನಿಗೆ ಆಫೀಸು ಬ್ಯಾಂಕುಗಳ ಇಂಗ್ಲಿಷು ಅರ್ಥವಾಗುತ್ತಿತ್ತು, ಬಾಗಿಲಿಗೆ ಕಿವಿ ಹಚ್ಚಿದ.

ಒಳಗಿನಿಂದ ಒಬ್ಬ ಹೆಂಗಸಿನ ದನಿ ಕೇಳಿತು. "ನೀವು ಕೊನೆಯ ದಿನ ಅರ್ಜಿ ಹಾಕಿದೀರಿ. ನಿಜ ಹೇಳಿ, ನಾವು ನಿಮ್ಮ ಮೊದಲ ಆಯ್ಕೆ ಅಲ್ಲ, ಅಲ್ಲವಾ?"

ರುದ್ರಮುನಿಯ ಜೀವ ಬಾಯಿಗೆ ಬಂತು. ಹೌದು ನೀವೇ ಮೊದಲು ಅನ್ನು ಮಗಳೇ, ಒಂದು ಸುಳ್ಳು ಹೇಳಿದರೆ ಏನೂ ಆಗಲ್ಲ ಅಂತ ಮನಸ್ಸಿನಲ್ಲೇ ಬೇಡಿಕೊಂಡ.

"ಅಲ್ಲ ಮೇಡಂ," ಅಂದಳು ರಶ್ಮಿತಾ. "ಮೊದಲು ಬೇರೆ ಕಡೆ ಹಾಕಿದ್ದೆ, ಅವರು ಕಾಯೋಕೆ ಹೇಳಿದಾರೆ. ಅವರ ಸಂದರ್ಶನದಲ್ಲಿ ಒಂದು ಪ್ರಶ್ನೆ ಕೇಳಿದ್ರು. ಅಂಗಡೀಲಿ ಒಂದೇ ಸೀರೆ, ನೂರು ಜನ ಮೊದಲ ಗಿರಾಕಿಗಳು, ಏನು ಮಾಡ್ತೀರಿ ಅಂತ. ಆಗ ನನಗೆ ಉತ್ತರ ಗೊತ್ತಿರಲಿಲ್ಲ."

"ಈಗ ಗೊತ್ತಾ?"

"ಸೀರೆ ಒಬ್ಬರಿಗೆ ಹೋಗುತ್ತೆ. ಉಳಿದ ತೊಂಬತ್ತೊಂಬತ್ತು ಜನಕ್ಕೆ ನೇರವಾಗಿ ಇಲ್ಲ ಅಂತ ಹೇಳಬೇಕು. ಹೇಳಿ, ಅವರಿಗೆ ಬೇಕಾದ ಸೀರೆ ಯಾವ ಅಂಗಡೀಲಿ ಐತೋ ಅಲ್ಲಿಗೆ ನಾವೇ ಕರ್ಕೊಂಡು ಹೋಗಬೇಕು. ನಷ್ಟ ಆದ್ರೂ ಸರಿ. ನಮ್ಮ ಅಪ್ಪಾಜಿ ಹಂಗೇ ಮಾಡಿದ್ರು, ನಾನು ಕಣ್ಣಾರೆ ನೋಡೀನಿ. ಅದನ್ನ ನೋಡಿ ಆದ್ಮೇಲೇ ನಿಮ್ಮ ಅರ್ಜಿ ಬರೆಯೋಕೆ ಕೂತೆ."

ಆಮೇಲೆ ಒಳಗೆ ಏನು ಮಾತಾಯಿತೋ ರುದ್ರಮುನಿಗೆ ಕೇಳಲಿಲ್ಲ. ಕಣ್ಣು ಮಂಜಾಗಿತ್ತು, ಹೆಗಲ ಮೇಲಿನ ಟವೆಲಿನಿಂದ ಒರೆಸಿಕೊಂಡಷ್ಟೂ ಬರುತ್ತಿತ್ತು. "ಏನಂದ್ಳೋ?" ಅಂತ ಬಸವಣ್ಣೆಮ್ಮ ಅವನ ಭುಜ ತಿವಿದಳು. "ಏನಿಲ್ಲವ್ವ," ಅಂದ ಅವನು. "ನನ್ನ ಸುದ್ದಿ ಹೇಳಿದ್ಳು."

ಮಾರ್ಚ್ ತಿಂಗಳಲ್ಲಿ ಹೈದರಾಬಾದಿನವರು ಸೀಟು ಕೊಟ್ಟರು, ಜೊತೆಗೆ ವಿದ್ಯಾರ್ಥಿವೇತನವನ್ನೂ ಕೊಟ್ಟರು. ಡಿಸೆಂಬರಿನಿಂದ ಬಾಕಿ ಉಳಿದಿದ್ದ ಮಿರ್ಚಿ ಮಂಡಕ್ಕಿ ಅಂಗಡಿ ಸಾಲಿಗೆಲ್ಲ ಆವತ್ತು ಹೋಯಿತು, ಮೊದಲ ಪೊಟ್ಟಣ ಮಾಲತೇಶಪ್ಪನಿಗೆ. ಆದರೂ ಪಶ್ಚಿಮಗಿರಿಯ ಉತ್ತರ ಬರುವುದಿತ್ತಲ್ಲ, ರುದ್ರಮುನಿಯ ಎದೆಯ ಮೂಲೆಯಲ್ಲಿ ಒಂದು ಚೂರು ಆಸೆ, ಎರಡು ಚೂರು ಅಂಜಿಕೆ ಉಳಿದೇ ಇತ್ತು.

ಅದು ಬಂದದ್ದು ಏಪ್ರಿಲಿನ ಒಂದು ಬೆಳಿಗ್ಗೆ. ಪರೀಕ್ಷೆ ಮುಗಿದು ರಶ್ಮಿತಾ ದಿನಾ ಅಪ್ಪನ ಜೊತೆ ಅಂಗಡಿಗೆ ಬರುತ್ತಿದ್ದಳು. ಶಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಬೆಳಗುವಷ್ಟರಲ್ಲಿ ಅವಳ ಫೋನು ಟಿಂಗ್ ಅಂದಿತು. ಓದಿದಳು. ಒಂದು ಸಲ ಮೂಗು ಎಳೆದುಕೊಂಡಳು.

"ಇಲ್ಲ ಅಂದ್ರು ಅಪ್ಪಾಜಿ."

"ಅಯ್ಯೋ ಮಗಳೇ."

"ಬೇಜಾರಾಯ್ತು. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಜಾಸ್ತಿ ಏನಿಲ್ಲ," ಅಂದು ಫೋನನ್ನು ಗಲ್ಲಾಪೆಟ್ಟಿಗೆಯ ಮೇಲೆ ಮಕಾಡೆ ಇಟ್ಟಳು. ಅಷ್ಟರಲ್ಲಿ ಮೆಟ್ಟಿಲಿಂದ ಎಲೆಯಡಿಕೆ ಉಗುಳಿದ ಸದ್ದು, ಹಿಂದೆಯೇ ಗಿರಿಯಮ್ಮ. ಕಂಕುಳಲ್ಲಿ ಎರಡು ತಿಂಗಳ ಮೊಮ್ಮಗಳು ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು.

ಅವಳು ಬಾಯಿ ತೆರೆಯುವ ಮುಂಚೆಯೇ ರುದ್ರಮುನಿ ಚಪ್ಪಲಿ ಹುಡುಕತೊಡಗಿದ. "ಚಪ್ಪಲಿ ಬಿಡ್ರಿ ಸಾವ್ಕಾರ್ರೆ, ಇವತ್ತು ಎಲ್ಲಿಗೂ ಹೋಗದು ಬ್ಯಾಡ," ಅಂದಳು ಗಿರಿಯಮ್ಮ. "ಕೂಸಿಗೆ ಮೊದಲನೇ ಫ್ರಾಕು. ನಿಮ್ಮ ಅಂಗಡೀದೇ ಆಗಬೇಕು. ನಿಮ್ಮ ಮಗಳ ಕೈಲೇ ಕೊಡಿಸ್ರಿ."

ರಶ್ಮಿತಾ ಗಾದಿ ಏರಿ ಕೂತು ಒಂದು ಡಜನ್ ಫ್ರಾಕು ಹರಡಿದಳು. ಗಿರಿಯಮ್ಮ ಗಿಣಿಹಸಿರಿನದೇ ಒಂದನ್ನು ಎತ್ತಿಕೊಂಡು ರೇಟು ಕೇಳಿದಳು. ರಶ್ಮಿತಾ ಹೇಳಿದಳು. ಗಿರಿಯಮ್ಮ ಅದರ ಅರ್ಧ ಹೇಳಿದಳು. ರಶ್ಮಿತಾ ಮೊದಲು ಹೇಳಿದ್ದನ್ನೇ ಹೇಳಿದಳು. ಆಕೆ ಮುಕ್ಕಾಲಿಗೆ ಬಂದರೂ ಇವಳು ಇಳಿಯಲಿಲ್ಲ. ರುದ್ರಮುನಿ ಹಿಂದಿನಿಂದ ಕೊಡು ಕೊಡು ಅಂತ ಕಣ್ಸನ್ನೆ ಮಾಡಿ ಸೋತ. ಶಬ್ಬೀರ್ ಮುಖ ತಿರುಗಿಸದೆ ಎದುರೇ ನಿಂತು ನಗುತ್ತಿದ್ದ.

"ಅಲ್ವೇ ತಾಯಿ, ಶಟರ್ ಎತ್ತುತ್ಲೇ ಬಂದೀನಿ," ಅಂದಳು ಗಿರಿಯಮ್ಮ. "ಬೋಣಿ ಗಿರಾಕಿ ಅಂತ ಒಂದೀಟಾದ್ರೂ ಬಿಡಬಾರದಾ?"

"ಅಜ್ಜಿ, ಮೊದಲು ಬಂದೋರಿಗೆಲ್ಲ ಕೊಡಂಗಿಲ್ವಂತೆ," ಅಂದಳು ರಶ್ಮಿತಾ. "ಐದು ನಿಮಿಷದ ಹಿಂದೆ ಪುಣೆಯಿಂದ ಕಾಗದ ಬಂತು."

ಗಿರಿಯಮ್ಮನಿಗೆ ಏನೂ ತಿಳಿಯಲಿಲ್ಲ. ಆದರೆ ಅಪ್ಪ ಮಗಳು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡಿ ಅವಳೂ ನಕ್ಕಳು, ಅಜ್ಜಿ ನಕ್ಕಿದ್ದಕ್ಕೆ ಕೂಸೂ ಬೊಚ್ಚು ಬಾಯಿ ಬಿಟ್ಟಿತು. ಕೊನೆಗೆ ಸೆರಗಿನ ಗಂಟು ಬಿಚ್ಚಿ, ರಶ್ಮಿತಾ ಹೇಳಿದ ಪೂರಾ ರೇಟನ್ನೇ ಅವಳ ಕೈಗಿಟ್ಟಳು.